ಚಾವಡಿಗೆ ಕರೆಯುವ ದನಿ

ಮನಾಮ, ಬಹರೈನ್
29 ಅಕ್ಟೋಬರ್ 2023

ಪ್ರೀತಿಯ ಚಿತ್ತಣ್ಣನಿಗೆ ನಮಸ್ಕಾರ.

ಹನ್ನೆರಡು ದಿನದ ಹಿಂದೆ ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ. ವಾಟ್ಸಾಪಿನಲ್ಲಿ ‘ಈಮೇಲ್ ಬರೆ’ ಎಂದು ಎರಡೇ ಶಬ್ದ ಕಳಿಸಿದಿರಿ. ಹಾಗಾಗಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಜಗಳವಾಡುವುದು ಸುಲಭ. ಕನ್ನಡದಲ್ಲಿ ಬರೆಯಲು ಕೂತರೆ ಪರೀಕ್ಷೆಗೆ ಕೂತ ಹಾಗಾಗುತ್ತದೆ. ತಪ್ಪಿದ್ದರೆ ಕೆಂಪು ಗೆರೆ ಎಳೆಯಬೇಡಿ.

ವಿಷಯ ನಮ್ಮ ಚಾವಡಿಯದು. ಅದನ್ನು ಶುರುಮಾಡಿ ಹನ್ನೊಂದು ವರ್ಷವಾಯಿತು. ನಾನು ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದಲ್ಲಿದ್ದೆ, ನೀವು ಮೇಷ್ಟ್ರು. ‘ಸರ್ ಅನ್ನಬೇಡ ಮಾರಾಯ, ಅಣ್ಣ ಅಂತ ಹೇಳು’ ಎಂದವರೂ ನೀವೇ. ಹಳೆಯ ಕಂಪ್ಯೂಟರಿನಲ್ಲೂ ಸರ್ವರ್ ನಡೆಸಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ ಮಾಡೋಣ, ಯಾರು ಬೇಕಾದರೂ ಬಳಸಲಿ, ಒಳಗನ್ನು ತೆರೆದು ನೋಡಲಿ, ತಿದ್ದಲಿ ಎಂದಿರಿ. ಕಳೆದ ವರ್ಷ ಎಪ್ಪತ್ತು ಶಾಲೆ, ಕ್ಲಿನಿಕ್, ಸೊಸೈಟಿಗಳಲ್ಲಿ ಚಾವಡಿ ಓಡುತ್ತಿತ್ತು. ಈಗ ಐವತ್ತೊಂದು.

ಬಿಟ್ಟುಹೋದವರಲ್ಲಿ ಆರು ಜನರನ್ನು ಕೇಳಿದೆ. ಚಾವಡಿ ಕೆಟ್ಟದ್ದು ಎಂದು ಒಬ್ಬರೂ ಹೇಳಲಿಲ್ಲ. ‘ಒಳ್ಳೆದುಂಟು. ಆದರೆ ಹಾಕುವುದು ಹೇಗೆ ಅಂತಲೇ ಗೊತ್ತಾಗುವುದಿಲ್ಲ. ಎಂತಾದರೂ ಆದರೆ ಯಾರ ಹತ್ತಿರ ಮಾತಾಡುವುದು?’ ಎಂದರು.

ನಾವು ಎರಡು ಕೆಲಸ ಮಾಡಬೇಕು ಚಿತ್ತಣ್ಣ. ಮೊದಲನೆಯದು, ಇನ್‌ಸ್ಟಾಲ್ ಮಾಡುವುದನ್ನು ಯಾರಿಗೂ ಹೆದರಿಕೆಯಾಗದಷ್ಟು ಸುಲಭ ಮಾಡುವುದು. ಎರಡನೆಯದು, ನೀವು ಹತ್ತು ವೀಡಿಯೊ ಮಾಡಬೇಕು. ನಮ್ಮ ಕೋಡಿಗಿಂತ ನಿಮ್ಮ ಮಾತು ಒಳ್ಳೆಯದು. ಮೊದಲ ತರಗತಿಯಲ್ಲಿ ನೀವು ಹೇಳಿದ್ದು ಇನ್ನೂ ಕಿವಿಯಲ್ಲುಂಟು: ‘ಸರ್ವರ್ ಅಂದ್ರೆ ಎಂತ? ಮದುವೆ ಊಟಕ್ಕೆ ಬಡಿಸುವವ. ಯಾರ ಎಲೆ ಖಾಲಿ ಉಂಟು ಅಂತ ಅವನಿಗೆ ಗೊತ್ತಿರಬೇಕು, ಅವನ ಮುಖ ಯಾರಿಗೂ ನೆನಪಿರಬಾರದು.’ ಹಿಂದಿನ ಬೆಂಚಿನವರೂ ಎದ್ದು ಕೂತಿದ್ದರು. ಆ ಮಾತು ಕೇಳಿದರೆ ಜನ ಬರುತ್ತಾರೆ.

ಸ್ನೇಹಲತಾ ಅತ್ತಿಗೆಗೆ ನಮಸ್ಕಾರ ತಿಳಿಸಿ.

ನಿಮ್ಮ
ರೂಪೇಶ


ಜೆಪ್ಪು, ಮಂಗಳೂರು
9 ನವೆಂಬರ್ 2023

ಪ್ರೀತಿಯ ರೂಪೇಶ,

ಫೋನ್ ಎತ್ತದ್ದಕ್ಕೆ ಬೇಸರಿಸಬೇಡ. ಇನ್ನು ಮುಂದೆ ಬರೆದೇ ಮಾತಾಡೋಣ. ಫೋನಿನಲ್ಲಿ ನಾವು ನಿರ್ಧರಿಸಿದ್ದು ಮರುದಿನ ಇಬ್ಬರಿಗೂ ಬೇರೆ ಬೇರೆ ನೆನಪಿರುತ್ತದೆ. ಬರೆದರೆ ದಾಖಲೆ ಉಳಿಯುತ್ತದೆ. ಇಷ್ಟು ದೊಡ್ಡ ಕೆಲಸಕ್ಕೆ ಅದು ಬೇಕು.

ಇನ್‌ಸ್ಟಾಲಿನ ವಿಷಯದಲ್ಲಿ ನೀನು ಹೇಳಿದ್ದು ಸರಿ. ಹನ್ನೊಂದು ವರ್ಷ ನಾವು ಅಡುಗೆಮನೆಯನ್ನು ಮಾತ್ರ ಚಂದ ಮಾಡಿದ್ದೇವೆ, ಬಾಗಿಲು ಎಲ್ಲುಂಟು ಎಂದು ಬಂದವರಿಗೆ ತೋರಿಸಲಿಲ್ಲ. ನಾನು ಕಾಲೇಜಿಗೆ ರಜೆ ಹಾಕಿದ್ದೇನೆ. ಸಮಯ ಬೇಕಾದಷ್ಟಿದೆ. ಹದಿನಾಲ್ಕು ಪ್ರಶ್ನೆ ಕೇಳುವ ಇನ್‌ಸ್ಟಾಲನ್ನು ನಾಲ್ಕು ಪ್ರಶ್ನೆಗೆ ಇಳಿಸುತ್ತೇನೆ. ಹೆಸರು, ಊರು, ಪಾಸ್‌ವರ್ಡ್, ಯಾವ ಡಿಸ್ಕ್. ಅಷ್ಟೇ.

ವೀಡಿಯೊ ಬೇಡ. ನನಗೆ ಕ್ಯಾಮೆರಾದ ಮುಂದೆ ಕೂರುವ ಮರ್ಜಿ ಇಲ್ಲ. ಅದರ ಬದಲು ಕನ್ನಡದಲ್ಲಿ ಒಂದು ಒಳ್ಳೆಯ ಕೈಪಿಡಿ ಬರೆಯುತ್ತೇನೆ.

ಈಚೆಗೆ ವಾರಕ್ಕೆರಡು ಸಲ ಫಳ್ನೀರಿಗೆ ಓಡಾಟ. ಸ್ನೇಹಲತಾಳ ಹಲ್ಲಿನ ತೊಂದರೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತೇ ಅರ್ಧ ಕೋಡ್ ಬರೆದಿದ್ದೇನೆ, ನಗಬೇಡ.

ನಿನ್ನ
ಚಿತ್ತರಂಜನ


ಮನಾಮ
14 ಜನವರಿ 2024

ಪ್ರೀತಿಯ ಚಿತ್ತಣ್ಣನಿಗೆ,

ನಾಲ್ಕು ಪ್ರಶ್ನೆಯ ಇನ್‌ಸ್ಟಾಲ್ ತಲುಪಿತು. ನನ್ನ ರೂಮಿನಲ್ಲಿರುವ ಮರ್ವಿನ್ ಎಂಬವನ ಮೇಲೆ ಪ್ರಯೋಗ ಮಾಡಿದೆ. ಅವನು ಹೋಟೆಲಿನಲ್ಲಿ ಅಡುಗೆಯವ, ಕಂಪ್ಯೂಟರ್ ಮುಟ್ಟಿದವನಲ್ಲ. ಮೂರನೆಯ ಪ್ರಶ್ನೆಯವರೆಗೆ ಚೆನ್ನಾಗಿ ಹೋದ. ಆಮೇಲೆ ‘ನಿರ್ದಿಷ್ಟಪಡಿಸಿದ ಡಿಸ್ಕ್ ಲಭ್ಯವಿರುವುದಿಲ್ಲವಾದ್ದರಿಂದ ಪ್ರಕ್ರಿಯೆಯನ್ನು ಸ್ಥಗಿತಗೊಳಿಸಲಾಗಿದೆ’ ಎಂದು ಬಂತು. ಕೈ ಹಿಂದಕ್ಕೆ ತೆಗೆದ. ‘ಇದು ಎಂತ ಮಾರಾಯ, ಕೋರ್ಟಿನ ನೋಟಿಸಾ? ನಾನು ಎಂತ ತಪ್ಪು ಮಾಡಿದೆ?’ ಎಂದ. ಅದನ್ನು ‘ಡಿಸ್ಕ್ ಕಾಣುತ್ತಿಲ್ಲ. ವಯರ್ ಸರಿ ಸಿಕ್ಕಿಸಿ ಇನ್ನೊಮ್ಮೆ ನೋಡಿ’ ಎಂದು ಬದಲಾಯಿಸಿದ್ದೇನೆ. ಎರಡನೆಯ ಸಲ ಮರ್ವಿನ್ ಇಪ್ಪತ್ತು ನಿಮಿಷದಲ್ಲಿ ಸರ್ವರ್ ಎಬ್ಬಿಸಿದ! ಅಂದು ನಮಗೆಲ್ಲ ಅವನದೇ ಕೋಳಿ ಸುಕ್ಕ.

ಈಗ ದೊಡ್ಡ ಸುದ್ದಿ. ಏಪ್ರಿಲ್ ಇಪ್ಪತ್ತಕ್ಕೆ ಕೋಝಿಕ್ಕೋಡಿನಲ್ಲಿ ಓಪನ್ ಸೋರ್ಸಿನವರ ಸಮ್ಮೇಳನ. ನಲ್ವತ್ತು ಸಣ್ಣ ಕ್ಲಿನಿಕ್ ನಡೆಸುವ ಒಂದು ಟ್ರಸ್ಟಿನವರು ಅಲ್ಲಿಗೆ ಬರುತ್ತಾರೆ. ತಮ್ಮ ಸರ್ವರುಗಳಿಗೆ ಯಾವ ಸಿಸ್ಟಮ್ ಎಂದು ಅಲ್ಲೇ ನೋಡಿ ನಿರ್ಧರಿಸುತ್ತಾರಂತೆ. ಇಪ್ಪತ್ತು ನಿಮಿಷ ಮಾತಾಡಲು ನಮಗೆ ಅವಕಾಶ ಕೊಟ್ಟಿದ್ದಾರೆ. ನಿಮ್ಮನ್ನು ಕೇಳದೆ ನಿಮ್ಮ ಹೆಸರು ಕೊಟ್ಟಿದ್ದೇನೆ. ಬೈಯಿರಿ, ಆದರೆ ಹೋಗಿ. ನಲ್ವತ್ತು ಕ್ಲಿನಿಕ್ ಒಟ್ಟಿಗೆ ಬಂದರೆ ಚಾವಡಿ ಮತ್ತೆ ಹತ್ತು ವರ್ಷ ಬದುಕುತ್ತದೆ.

ನಿಮ್ಮ
ರೂಪೇಶ


ಜೆಪ್ಪು
2 ಫೆಬ್ರವರಿ 2024

ರೂಪೇಶ,

ಕೇಳದೆ ಹೆಸರು ಕೊಟ್ಟದ್ದು ಸರಿಯಲ್ಲ. ಅದನ್ನು ವಾಪಸು ತೆಗೆ. ನೀನೇ ಹೋಗಿ ಮಾತಾಡು, ಇಲ್ಲವೇ ಬಿಡು. ಒಬ್ಬ ಮನುಷ್ಯನ ನಾಲಿಗೆಯ ಮೇಲೆ ನಿಲ್ಲಬೇಕಾದ ಕೆಲಸ ನಿಲ್ಲುವ ಕೆಲಸವೇ ಅಲ್ಲ.

ಕೈಪಿಡಿಯ ಅರುವತ್ತು ಪುಟ ಕಳಿಸಿದ್ದೇನೆ. ಮರ್ವಿನ್‌ಗೆ ಓದಿಸು. ಅವನಿಗೆ ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ನಾನು ತಪ್ಪಿದ್ದೇನೆ ಎಂದು ಲೆಕ್ಕ.

ಚಿತ್ತರಂಜನ


ಮನಾಮ
25 ಫೆಬ್ರವರಿ 2024

ಪ್ರೀತಿಯ ಚಿತ್ತಣ್ಣನಿಗೆ,

ನನಗೆ ಏಪ್ರಿಲಿನಲ್ಲಿ ರಜೆ ಸಿಗುವುದಿಲ್ಲ. ಸಿಕ್ಕಿದರೂ ನಾನು ಮಾತಾಡಿದರೆ ಜನ ಚಹಾ ಕುಡಿಯಲು ಎದ್ದು ಹೋಗುತ್ತಾರೆ. ಕೈಪಿಡಿ ತುಂಬ ಚೆನ್ನಾಗಿ ಬಂದಿದೆ, ನಿಜ. ಆದರೆ ಅದನ್ನು ಓದಲು ಜನ ಮೊದಲು ಬಾಗಿಲವರೆಗೆ ಬರಬೇಕಲ್ಲ?

ಹೆಸರು ತೆಗೆದಿಲ್ಲ. ನೀವು ಹೋಗುತ್ತೀರಿ ಎಂದು ಇನ್ನೂ ನಂಬಿದ್ದೇನೆ. ಮಂಗಳೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರುತ್ತೀರಿ. ನನಗೋಸ್ಕರ.

ರೂಪೇಶ


ಮನಾಮ
24 ಏಪ್ರಿಲ್ 2024

ಚಿತ್ತರಂಜನ ಸರ್,

ಮಾರ್ಚಿನಲ್ಲಿ ಎರಡು ಪತ್ರ ಬರೆದೆ. ಉತ್ತರವಿಲ್ಲ. ನಿನ್ನೆ ಕೋಝಿಕ್ಕೋಡಿನ ಸಂಘಟಕರು ಬರೆದಿದ್ದಾರೆ. ನಿಮ್ಮ ಹೆಸರನ್ನು ವೇದಿಕೆಯಿಂದ ಮೂರು ಸಲ ಕರೆದರಂತೆ. ಯಾರೂ ಬರಲಿಲ್ಲವಂತೆ. ನಮ್ಮ ಇಪ್ಪತ್ತು ನಿಮಿಷವನ್ನು ಒಂದು ಕಂಪನಿಯವರಿಗೆ ಕೊಟ್ಟರು. ನಲ್ವತ್ತು ಕ್ಲಿನಿಕ್ಕುಗಳೂ ಅವರ ಪಾಲಾದವು.

ಇಷ್ಟು ದಿನ ಹೇಳದ್ದನ್ನು ಈಗ ಹೇಳುತ್ತೇನೆ. ಅಕ್ಟೋಬರ್ ಹದಿನೇಳಕ್ಕೆ ನಾಲ್ಕು ಸಲ ಫೋನ್ ಮಾಡಿದ್ದು ಯಾಕೆ ಗೊತ್ತುಂಟಾ? ನನ್ನ ಮ್ಯಾನೇಜರ್ ಎದುರಿಗೆ ಕೂತಿದ್ದರು. ಇಲ್ಲಿಯ ನಮ್ಮ ಆಫೀಸಿನಲ್ಲಿ ಎಂಟು ಸರ್ವರಿಗೆ ನಾನು ಚಾವಡಿ ಹಾಕಿದ್ದೆ. ‘ಇದನ್ನು ಮಾಡಿದವರು ಯಾರು? ಅವರ ಹತ್ತಿರ ಒಂದು ಮಾತಾಡಿಸು, ಸಾಕು’ ಎಂದರು. ಸ್ಪೀಕರಿನಲ್ಲಿ ಹಾಕಿ ಫೋನ್ ಮಾಡಿದೆ. ನಾಲ್ಕು ಸಲವೂ ರಿಂಗಾಯಿತು. ಮರುದಿನ ಎಂಟನ್ನೂ ನಾನೇ ನನ್ನ ಕೈಯಿಂದ ಅಳಿಸಿದೆ. ನಿಮಗೆ ಬೇಸರವಾಗುತ್ತದೆ ಎಂದು ಹೇಳಲಿಲ್ಲ.

ಇನ್ನೊಂದು. ಅಮ್ಮ ಕಳೆದ ವಾರ ನಂತೂರಿನಲ್ಲಿ ಮೂಡುಬಿದಿರೆ ಬಸ್ಸಿಗೆ ಕಾಯುತ್ತಿದ್ದಾಗ ನಿಮ್ಮನ್ನು ಕಂಡರಂತೆ. ಆ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದಿರಂತೆ. ಅಮ್ಮ ಹತ್ತಿರ ಬಂದು ಕ್ಷೇಮ ವಿಚಾರಿಸುತ್ತಾ ‘ಎಂಚ ಉಲ್ಲರ್ ಸರ್? ನಾನು ರೂಪೇಶನ ಅಮ್ಮ, ಅಮ್ಮಣಿ’ ಎಂದರಂತೆ. ನೀವು ಒಂದು ಶಬ್ದ ಮಾತಾಡದೆ ಕೈಮುಗಿದು ರಸ್ತೆ ದಾಟಿ ಹೋದಿರಂತೆ. ಅಮ್ಮ ಫೋನಿನಲ್ಲಿ ಹೇಳಿದರು, ‘ನನ್ನ ಅಪ್ಪ ಅವರ ಗುತ್ತಿನ ಮನೆಯ ಅಂಗಳದ ಹೊರಗೆ ನಿಂತು ಮಾತಾಡ್ತಿದ್ದರು ಮಗ. ಆಗ ಅವರು ಉತ್ತರವಾದರೂ ಕೊಡ್ತಿದ್ದರು.’

ಊರನ್ನು ಆಳಿದ ನಿಮ್ಮ ಗುತ್ತಿನ ಮನೆಯ ಚಾವಡಿಯಲ್ಲಿ ನಮ್ಮವರಿಗೆ ಕೂರಲು ಇರಲಿಲ್ಲ. ಎಲ್ಲರಿಗೂ ತೆರೆದ ಒಂದು ಕೆಲಸಕ್ಕೆ ನೀವು ಅದೇ ಹೆಸರಿಟ್ಟಾಗ ನನಗೆ ಎಷ್ಟು ಸಂತೋಷವಾಗಿತ್ತು. ಈಗ ಅನಿಸುತ್ತದೆ, ಹೆಸರು ಮಾತ್ರ ತೆರೆದದ್ದು.

ನನ್ನ ಹೆಸರನ್ನು ಚಾವಡಿಯಿಂದ ತೆಗೆದಿದ್ದೇನೆ. ಇನ್ನು ಬರೆಯುವುದಿಲ್ಲ.

ರೂಪೇಶ


ಜೆಪ್ಪು
11 ಮೇ 2024

ಪ್ರೀತಿಯ ರೂಪೇಶ,

ನಿನ್ನ ಪತ್ರಕ್ಕೆ ಹದಿನೇಳು ದಿನ ಉತ್ತರ ಬರೆಯಲಾಗಲಿಲ್ಲ. ಬರೆದು ಅಳಿಸಿದ್ದು ಎಷ್ಟೋ. ಈಗ ನೇರವಾಗಿ ಹೇಳುತ್ತೇನೆ.

ನನಗೆ ಗಂಟಲಿನ ಕ್ಯಾನ್ಸರ್. ಕಳೆದ ಅಕ್ಟೋಬರ್ ಹತ್ತಕ್ಕೆ ಆಪರೇಶನ್ ಆಯಿತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದಾರೆ. ಕುತ್ತಿಗೆಯಲ್ಲಿ ಒಂದು ತೂತಿದೆ, ಉಸಿರಾಡುವುದು ಅದರಲ್ಲಿ. ಮಫ್ಲರ್ ಅದಕ್ಕೆ. ನನಗೆ ಮಾತಿಲ್ಲ. ಕಾಲೇಜಿಗೆ ರಜೆ ಹಾಕಿದ್ದೂ ಅಲ್ಲ, ಕೆಲಸ ಬಿಟ್ಟದ್ದು. ಹಲ್ಲುನೋವು ಸ್ನೇಹಲತಾಳಿಗೆ ಯಾವತ್ತೂ ಇರಲಿಲ್ಲ.

ನೀನು ಫೋನ್ ಮಾಡಿದ ದಿನ ನಾನು ಆಸ್ಪತ್ರೆಯ ಮಂಚದಲ್ಲಿದ್ದೆ. ಮೂರನೆಯ ಸಲ ರಿಂಗಾಗುವಾಗ ಫೋನು ನನ್ನ ಕೈಯಲ್ಲೇ ಇತ್ತು. ನಿನ್ನ ಹೆಸರು ನೋಡುತ್ತಾ ಇದ್ದೆ. ಆಮೇಲೆ ನಿನ್ನ ಪತ್ರ ಬಂತು, ‘ನಮ್ಮ ಕೋಡಿಗಿಂತ ನಿಮ್ಮ ಮಾತು ಒಳ್ಳೆಯದು’ ಎಂದು ಬರೆದಿದ್ದೆ. ಹೊಲಿಗೆ ಬಿಚ್ಚಿ ನಾಲ್ಕು ದಿನವಾಗಿತ್ತು. ಆ ಸಾಲಿನ ಕೆಳಗೆ ಇದನ್ನು ಹೇಗೆ ಬರೆಯುವುದು? ಆಗ ಹೇಳಲಿಲ್ಲ, ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಕೋಝಿಕ್ಕೋಡಿಗೆ ನಾನು ಹೋಗಿದ್ದೆ ರೂಪೇಶ. ನೀನು ‘ನನಗೋಸ್ಕರ’ ಎಂದು ಬರೆದದ್ದನ್ನು ಓದಿ ಮಾರ್ಚಿಡೀ ತಯಾರಿ ಮಾಡಿದೆ. ಹೇಳಬೇಕಾದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಮೂವತ್ತು ಪುಟ ಮಾಡಿಕೊಂಡೆ, ಪರದೆಯ ಮೇಲೆ ಒಂದೊಂದಾಗಿ ತೋರಿಸುವುದು, ಬೇಕಾದಲ್ಲಿ ಸ್ನೇಹಲತಾ ಓದುವುದು ಎಂದು. ನಿನಗೆ ಮೊದಲೇ ಹೇಳಲಿಲ್ಲ. ಆಗಿಹೋದ ಮೇಲೆ ಹೇಳೋಣ ಎಂದುಕೊಂಡಿದ್ದೆ. ಕುತ್ತಿಗೆಗೆ ಒತ್ತಿ ಹಿಡಿದರೆ ಮಾತಿನ ಹಾಗೆ ಸದ್ದು ಬರುವ ಒಂದು ಯಂತ್ರ ಕೊಟ್ಟಿದ್ದಾರೆ, ಅದೂ ಜೇಬಿನಲ್ಲಿತ್ತು. ನಂತೂರಿನಲ್ಲಿ ಲಾರಿ ಬ್ರೇಕ್ ಹಾಕಿದ ಹಾಗೆ ಕೇಳುತ್ತದೆ ಅದು. ಮನೆಯ ಹೊರಗೆ ಅದನ್ನು ಉಪಯೋಗಿಸಿದವನಲ್ಲ.

ನಮ್ಮ ಸರದಿ ಹೇಳಿದ್ದಕ್ಕಿಂತ ಅರ್ಧ ಗಂಟೆ ಬೇಗ ಬಂತು. ಸ್ನೇಹಲತಾ ನನಗೆ ಗಂಜಿ ಸಿಗುತ್ತದೆಯೋ ನೋಡಲು ಹೊರಗೆ ಹೋಗಿದ್ದಳು. ಪರದೆಗೋಸ್ಕರ ಸಭಾಂಗಣದಲ್ಲಿ ದೀಪ ಆರಿಸಿದ್ದರು. ನಾನು ಕೊನೆಯ ಸಾಲಿನಲ್ಲಿದ್ದೆ. ಹೆಸರು ಕರೆದರು. ಎದ್ದು ನಿಂತೆ. ಕೈ ಎತ್ತಿದೆ. ಅವರಿಗೆ ಕಾಣಲಿಲ್ಲ. ಎರಡನೆಯ ಸಲ ಕರೆದರು. ‘ಇದ್ದೇನೆ’ ಎನ್ನಲು ಬಾಯಿ ತೆರೆದೆ, ಏಳು ತಿಂಗಳಾದರೂ ಬಾಯಿಗೆ ಅಭ್ಯಾಸ ತಪ್ಪಿಲ್ಲ. ಮೂರನೆಯ ಸಲ ಕರೆಯುವಾಗ ನಡೆದುಹೋಗಬಹುದಿತ್ತು. ಮೂವತ್ತು ಹೆಜ್ಜೆ. ಎಲ್ಲರೂ ತಿರುಗಿ ನೋಡುತ್ತಾರೆ, ಆ ಸದ್ದು ಕೇಳುತ್ತಾರೆ ಎಂದು ಹೆದರಿದೆ. ಕೂತುಬಿಟ್ಟೆ. ತಪ್ಪು ಸಂಘಟಕರದ್ದಲ್ಲ, ನನ್ನ ಕಾಯಿಲೆಯದ್ದೂ ಅಲ್ಲ. ಕೂತದ್ದು ನಾನು.

ನಿನ್ನ ಅಮ್ಮನ ಎದುರಿಗೂ ಹಾಗೇ ಆಯಿತು. ಅವರಿಗೆ ತಿಳಿಸು. ಅವರ ಅಪ್ಪನ ವಿಷಯ ಅವರು ಹೇಳಿದ್ದು ನಿಜ. ನಾನು ಆ ಚಾವಡಿಯ ಒಳಗೆ ಆಡಿ ಬೆಳೆದವನು, ಹೊರಗೆ ನಿಂತವರನ್ನು ನೋಡಿದವನು. ಹೆಸರಿಟ್ಟದ್ದು ಅದಕ್ಕೇ.

ನೀನು ನಿನ್ನ ಹೆಸರು ತೆಗೆದದ್ದನ್ನು ನಾನು ವಾಪಸು ಹಾಕಿದ್ದೇನೆ. ನಿನ್ನನ್ನು ಕೇಳಲಿಲ್ಲ. ಬೈ.

ಚಿತ್ತರಂಜನ


ಮನಾಮ
12 ಮೇ 2024

ಚಿತ್ತಣ್ಣ,

ಪತ್ರ ಓದಿದೆ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವರು ‘ನನ್ನ ಬಾಯಿಗೆ ಬೆಂಕಿ ಬೀಳಲಿ’ ಎಂದು ಅತ್ತರು.

ನನ್ನನ್ನು ಕ್ಷಮಿಸಿ ಎಂದು ಬರೆಯಲೂ ನಾಚಿಕೆಯಾಗುತ್ತದೆ. ಆಗಸ್ಟಿನಲ್ಲಿ ಬರುತ್ತೇನೆ. ಬೇಡ ಎನ್ನಬೇಡಿ.

ರೂಪೇಶ


ಮನಾಮ
8 ಜೂನ್ 2024

ಪ್ರೀತಿಯ ಚಿತ್ತಣ್ಣನಿಗೆ,

ಒಂದು ಸಣ್ಣ ಧ್ವನಿ ಕಡತ ಜೊತೆಗಿಟ್ಟಿದ್ದೇನೆ. ಮೊದಲು ಕೇಳಿ, ಆಮೇಲೆ ಮುಂದೆ ಓದಿ.

2012ರಲ್ಲಿ ನಿಮ್ಮ ತರಗತಿಗಳನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಹಳೆಯ ಡಿಸ್ಕಿನಲ್ಲಿ ಒಂಬತ್ತು ಗಂಟೆಯಷ್ಟು ಸಿಕ್ಕಿತು. ಈಗ ಇಷ್ಟು ಮಾದರಿ ಇದ್ದರೆ ಸಾಕು, ನಾವು ಬರೆದುಕೊಟ್ಟದ್ದನ್ನು ಕಂಪ್ಯೂಟರ್ ಅದೇ ದನಿಯಲ್ಲಿ ಹೇಳುತ್ತದೆ. ನೀವು ಕೇಳಿದ್ದು ಹಾಗೆ ಮಾಡಿದ್ದು. ನಿಮ್ಮ ಕೈಪಿಡಿಯ ಮೊದಲ ಪುಟ, ನಿಮ್ಮದೇ ದನಿಯಲ್ಲಿ. ಹತ್ತು ವೀಡಿಯೊಗಳನ್ನೂ ಹೀಗೆ ಮಾಡಬಹುದು. ನಿಮ್ಮ ಮಾತು ಹೋಗಿಲ್ಲ ಚಿತ್ತಣ್ಣ, ನನ್ನ ಹತ್ತಿರ ಉಂಟು.

ರೂಪೇಶ


ಜೆಪ್ಪು
19 ಜೂನ್ 2024

ಪ್ರೀತಿಯ ರೂಪೇಶ,

ಕೇಳಿದೆ. ತುಂಬ ಚೆನ್ನಾಗಿ ಮಾಡಿದ್ದೀ. ಒಂದೆರಡು ಕಡೆ ನಾನೇ ಮೋಸಹೋದೆ.

ಸ್ನೇಹಲತಾ ಅಡುಗೆಮನೆಯಲ್ಲಿದ್ದಳು. ದನಿ ಕೇಳಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದಳು. ನನ್ನ ಮುಖ ನೋಡಿದಳು, ಕಂಪ್ಯೂಟರ್ ನೋಡಿದಳು. ವಾಪಸು ಹೋಗಿ ಮಿಕ್ಸಿ ಹಾಕಿದಳು. ಅರೆಯಲು ಏನೂ ಇರಲಿಲ್ಲ, ಸುಮ್ಮನೆ ಖಾಲಿ ಮಿಕ್ಸಿ ಓಡುತ್ತಿತ್ತು.

ಆದ್ದರಿಂದ ಬೇಡ. ನಾನು ಆಡದ ಮಾತನ್ನು ನನ್ನ ದನಿಯಲ್ಲಿ ಆಡಿಸಿ ಜನರನ್ನು ಕರೆಯಬೇಡ. ನಂಬಿ ಬಂದವರು ನಾಳೆ ‘ಇವರ ಹತ್ತಿರ ಮಾತಾಡಬೇಕು’ ಎಂದರೆ ಯಾರನ್ನು ತೋರಿಸುತ್ತೀ? ನೀನು ಮಾತಾಡು. ತಡವರಿಸಿದರೆ ತಡವರಿಸು. ಫೋನ್ ಮಾಡಿದರೆ ಎತ್ತುವವನ ದನಿ ಅದರಲ್ಲಿರಲಿ.

ಒಂಬತ್ತು ಗಂಟೆಯದ್ದನ್ನು ಅಳಿಸಬೇಡ. ಸ್ನೇಹಲತಾಳಿಗೆ ಮುಂದೆ ಯಾವಾಗಲಾದರೂ ಬೇಕಾದೀತು. ಅವಳು ಕೇಳಿದರೆ ಮಾತ್ರ ಕೊಡು.

ಚಿತ್ತರಂಜನ


ಮನಾಮ
22 ಸೆಪ್ಟೆಂಬರ್ 2024

ಪ್ರೀತಿಯ ಚಿತ್ತಣ್ಣನಿಗೆ,

ಊರಿನಿಂದ ಬಂದು ಮೂರು ವಾರವಾಯಿತು. ನಿಮ್ಮ ಮನೆಯಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ. ಬಾಗಿಲಲ್ಲಿ ನೀವು ಆ ಯಂತ್ರ ಒತ್ತಿ ‘ರೂಪೇಶ, ಬಾ’ ಎಂದಾಗ ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ಮುಖ ತೋರಿಸಲು ಆಗಲಿಲ್ಲ. ನಿಮಗೆ ಗೊತ್ತಾಗಿರಬೇಕು. ಆದರೆ ಎರಡನೆಯ ದಿನಕ್ಕೆ ಅದು ನಿಮ್ಮದೇ ದನಿ ಎಂದಾಯಿತು. ನಂಬಿ.

ಅಮ್ಮ ಜೊತೆಗೆ ಬಂದದ್ದು, ನಿಮ್ಮ ಎದುರು ಕೂತು ಒಂದು ಗಂಟೆ ಬಿಡದೆ ಮಾತಾಡಿದ್ದು, ನೀವು ಸ್ಲೇಟಿನಲ್ಲಿ ಉತ್ತರ ಬರೆದದ್ದು, ಅಮ್ಮನಿಗೆ ಓದಲು ಕನ್ನಡಕವಿಲ್ಲದೆ ಎಲ್ಲದಕ್ಕೂ ಹೌದೆಂದು ತಲೆಯಾಡಿಸಿ ‘ಅಂದ್ ಅಂದ್’ ಎಂದದ್ದು! ಅತ್ತಿಗೆ ಅಷ್ಟು ನಕ್ಕದ್ದನ್ನು ಈ ವರ್ಷ ನೋಡಿಯೇ ಇಲ್ಲ ಎಂದು ನೀವು ಆಮೇಲೆ ಬರೆದು ತೋರಿಸಿದಿರಿ.

ನನ್ನ ದನಿಯಲ್ಲೇ ಆರು ವೀಡಿಯೊ ಹಾಕಿದೆ. ತಡವರಿಸಿದ್ದೇನೆ. ಒಂದರಲ್ಲಿ ಹಿಂದಿನಿಂದ ಮರ್ವಿನ್ ‘ಮೀನು ಸೀಯುತ್ತಾ ಉಂಟು ಮಾರಾಯ’ ಎಂದದ್ದೂ ಬಂದಿದೆ. ಕೆಳಗೆ ನನ್ನ ನಂಬರ್ ಕೊಟ್ಟಿದ್ದೇನೆ. ಮೂರು ವಾರದಲ್ಲಿ ಒಂಬತ್ತು ಶಾಲೆ, ಎರಡು ಸೊಸೈಟಿ, ಅಪೊಲೋನಿಯಾ ಎಂಬ ಸಿಸ್ಟರ್ ನಡೆಸುವ ಒಂದು ಕ್ಲಿನಿಕ್. ಸಿಸ್ಟರ್ ತಾವೇ ಕೂತು ಹಾಕಿಕೊಂಡರಂತೆ. ‘ಇಷ್ಟೇನಾ?’ ಎಂದು ಫೋನ್ ಮಾಡಿದರು. ಇಷ್ಟೇ ಸಿಸ್ಟರ್ ಎಂದೆ. ಚಾವಡಿಗೆ ಜನ ಬರುತ್ತಿದ್ದಾರೆ ಚಿತ್ತಣ್ಣ!

ರೂಪೇಶ


ಜೆಪ್ಪು
28 ನವೆಂಬರ್ 2024

ಪ್ರೀತಿಯ ರೂಪೇಶ,

ನಿನ್ನ ಎಲ್ಲ ಪತ್ರ ತಲುಪಿವೆ. ಎಪ್ಪತ್ತೆಂಟು ಕಡೆ ಚಾವಡಿ ಓಡುತ್ತಿದೆ ಎಂದು ಓದಿ ಸ್ನೇಹಲತಾಳಿಗೂ ತೋರಿಸಿದೆ. ನೀನು ಮಾಡಿದ್ದನ್ನು ನನ್ನಿಂದ ಹನ್ನೊಂದು ವರ್ಷದಲ್ಲಿ ಮಾಡಲಾಗಿರಲಿಲ್ಲ.

ಈಗ ಹೇಳುವುದನ್ನು ಸಮಾಧಾನದಿಂದ ಓದು. ಇನ್ನು ಹೊಸಬರನ್ನು ಕರೆಯಬೇಡ. ಮಾರ್ಚ್ ಮೂವತ್ತೊಂದಕ್ಕೆ ಚಾವಡಿಯನ್ನು ಮುಚ್ಚೋಣ.

ಕಾಯಿಲೆ ಶ್ವಾಸಕೋಶಕ್ಕೆ ಬಂದಿದೆ. ಇದನ್ನು ಈ ಸಲ ಮುಚ್ಚಿಡುವುದಿಲ್ಲ ಎಂದು ನಿಶ್ಚಯಿಸಿದ್ದೆ. ಡಾಕ್ಟರು ತಿಂಗಳುಗಳಲ್ಲಿ ಮಾತಾಡುತ್ತಿದ್ದಾರೆ. ಪ್ರತಿ ವಾರ ಯಾರೋ ಎಲ್ಲೋ ಹೊಸ ದೋಷ ಕಂಡುಹಿಡಿಯುತ್ತಾರೆ, ಅದನ್ನು ನಾವು ತಕ್ಷಣ ಸರಿಪಡಿಸಬೇಕು. ತಪ್ಪಿದರೆ ಸಿಸ್ಟರ್ ಅಪೊಲೋನಿಯಾರ ರೋಗಿಗಳ ವಿವರ ಬೀದಿಗೆ ಬೀಳುತ್ತದೆ. ಡಿಸ್ಕಿಗೆ ಸಂಬಂಧಿಸಿದ ಒಳಗಿನ ಭಾಗ ನಾನೊಬ್ಬನೇ ಬರೆದದ್ದು. ಅದು ನನ್ನ ದೊಡ್ಡ ತಪ್ಪು. ಆಗ ಹೆಮ್ಮೆಯಿತ್ತು. ಹೊಸಬರಿಗೆ ಕಲಿಸಲು ಎರಡು ವರ್ಷ ಬೇಕು.

ಚಿತ್ತರಂಜನ


ಮನಾಮ
1 ಡಿಸೆಂಬರ್ 2024

ಚಿತ್ತಣ್ಣ,

ನಾನು ಕಲಿಯುತ್ತೇನೆ. ಕೆಲಸ ಬಿಟ್ಟು ಬರುತ್ತೇನೆ. ಸಹಾಯ ಬೇಕು ಎಂದು ವೆಬ್‌ಸೈಟಿನಲ್ಲಿ ಹಾಕಿದ್ದೇನೆ, ಫಿಯೋನಾ ಎಂಬ ಹುಡುಗಿ ಬರೆದಿದ್ದಾಳೆ. ಈಗ ತಾನೇ ಜನ ಬರಲು ಶುರುವಾದದ್ದು. ಇಷ್ಟು ದಿನ ಕರೆದು ಕರೆದು, ಬಂದವರನ್ನು ಬಾಗಿಲಲ್ಲೇ ಎಬ್ಬಿಸಿ ಕಳಿಸುವುದಾ?

ರೂಪೇಶ


ಜೆಪ್ಪು
15 ಡಿಸೆಂಬರ್ 2024

ರೂಪೇಶ,

ಫಿಯೋನಾ ಜೊತೆ ಎರಡು ವಾರ ಕೆಲಸ ಮಾಡಿದೆ. ಚುರುಕು ಹುಡುಗಿ. ಆದರೆ ಅವಳಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು, ಅವಳು ಹೋಗಬೇಕಾದ್ದೇ. ಕೆಲಸ ಬಿಟ್ಟು ಬಾ ಎಂದು ನಿನಗೆ ನಾನು ಹೇಳಲಾರೆ. ಅಮ್ಮಣಿಯವರಿಗೆ ಇರುವುದು ನೀನೊಬ್ಬ.

ಕರೆದವರಿಗೆ ಒಂದು ಜವಾಬ್ದಾರಿ ಉಂಟು. ಬಂದವರು ತಮ್ಮದನ್ನು ಏನೂ ಕಳೆದುಕೊಳ್ಳದೆ ಹೋಗುವ ಹಾಗೆ ನೋಡಿಕೊಳ್ಳುವುದು. ‘ಹೊರಡು’ ಎಂದು ಒಂದು ಸಣ್ಣ ಪ್ರೋಗ್ರಾಮ್ ಬರೆಯಲು ಶುರುಮಾಡಿದ್ದೇನೆ. ಒಂದೇ ಸಲ ಒತ್ತಿದರೆ ಕಡತ, ಹೆಸರು, ಪಾಸ್‌ವರ್ಡ್ ಎಲ್ಲ ಕಟ್ಟಿಕೊಂಡು ಬೇರೆ ಯಾವ ಸಿಸ್ಟಮಿಗೆ ಬೇಕಾದರೂ ಹೋಗಿ ಕೂರಬೇಕು. ಒಂದು ಪ್ರಶ್ನೆಯನ್ನೂ ಕೇಳಬಾರದು. ದಿನಕ್ಕೆ ಒಂದು ಗಂಟೆ ಕೂರಲಾಗುತ್ತದೆ. ಅರ್ಧ ನೀನು ಬರೆ.

ಚಿತ್ತರಂಜನ


ಮನಾಮ
31 ಮಾರ್ಚ್ 2025

ಪ್ರೀತಿಯ ಚಿತ್ತಣ್ಣನಿಗೆ,

ನಿಮಗೆ ಕೂತು ಓದಲು ಆಗುವುದಿಲ್ಲ ಎಂದು ಅತ್ತಿಗೆ ತಿಳಿಸಿದರು. ಅವರೇ ಓದಿ ಹೇಳುತ್ತಾರೆ ಎಂದು ಸಣ್ಣ ಸಣ್ಣ ವಾಕ್ಯ ಬರೆಯುತ್ತೇನೆ.

ಇವತ್ತು ಮಧ್ಯಾಹ್ನ ಚಾವಡಿಯ ವೆಬ್‌ಸೈಟಿನಲ್ಲಿ ನೀವು ಬರೆದುಕೊಟ್ಟ ನಾಲ್ಕು ಸಾಲು ಹಾಕಿದೆ. ಇನ್‌ಸ್ಟಾಲನ್ನು ತೆಗೆದೆ. ‘ಹೊರಡು’ ಮಾತ್ರ ಇಟ್ಟಿದ್ದೇನೆ. ಒಂದು ವರ್ಷ ಅಲ್ಲಿರುತ್ತದೆ.

ಎಪ್ಪತ್ತೆಂಟರಲ್ಲಿ ಎಪ್ಪತ್ತೇಳು ಕಡೆಯವರು ಹೊರಟರು. ಯಾರದೂ ಒಂದು ಕಡತ ಕಳೆದಿಲ್ಲ. ಸಿಸ್ಟರ್ ಅಪೊಲೋನಿಯಾ ಎಲ್ಲ ರೋಗಿಗಳ ವಿವರ ಒಂದೊಂದಾಗಿ ತಾಳೆ ನೋಡಿದರಂತೆ. ನಿಮಗಾಗಿ ಪ್ರಾರ್ಥನೆ ಮಾಡುತ್ತಿದ್ದಾರೆ. ಒಂದು ಶಾಲೆಯ ಮೇಷ್ಟ್ರು ‘ಹೊರಡು’ ಒತ್ತಿ ನೋಡಿ ಬರೆದಿದ್ದಾರೆ, ‘ಚಾವಡಿಯಲ್ಲಿ ಇದರಷ್ಟು ಸುಲಭದ್ದು ಬೇರೆ ಇಲ್ಲ. ಇದನ್ನು ನೋಡಿದ ಮೇಲೆ ಬಿಡಲು ಮನಸ್ಸು ಬರುವುದಿಲ್ಲ.’

ಉಳಿದವರು ಒಬ್ಬರು. ಬೆಳ್ತಂಗಡಿಯ ಹತ್ತಿರ ಹಾಲಿನ ಸೊಸೈಟಿಯ ಅಣ್ಣು ಎಂಬವರು. ಫೋನ್ ಮಾಡಿದರೆ, ‘ನಡೀತಾ ಉಂಟಲ್ಲ ಮಾರಾಯ್ರೆ, ನಡೆಯುವುದನ್ನು ಎಂತಕ್ಕೆ ತೆಗೆಯುವುದು? ಹಾಲು ತರುವವರ ಹೆಸರೆಲ್ಲ ಅದರಲ್ಲೇ ಉಂಟು. ನಿಮ್ಮ ಸರ್‌ಗೆ ಹೇಳಿ, ನಾನು ಎಲ್ಲಿಗೂ ಹೋಗುವುದಿಲ್ಲ’ ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಆ ಒಂದು ಮಿಷನನ್ನು ನಾನು ನೋಡಿಕೊಳ್ಳುತ್ತೇನೆ.

ಏಪ್ರಿಲ್ ಹನ್ನೆರಡಕ್ಕೆ ರಜೆ ಸಿಕ್ಕಿದೆ. ಬರುತ್ತಿದ್ದೇನೆ.

ನಿಮ್ಮ
ರೂಪೇಶ


ಜೆಪ್ಪು
9 ಏಪ್ರಿಲ್ 2025

ಪ್ರೀತಿಯ ರೂಪೇಶ,

ಭಾನುವಾರ ಫೋನಿನಲ್ಲಿ ನಿನ್ನ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ. ಮನೆ ತುಂಬ ಜನ ಇದ್ದರು. ನಿನ್ನ ಚಿತ್ತಣ್ಣನಿಗೆ ಹೇಗಾಯಿತು ಎಂದು ನೀನು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಪತ್ರವನ್ನು ಗುರುವಾರ ಬೆಳಿಗ್ಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. ಸಿಸ್ಟರ್ ವಿಷಯ ಬಂದಾಗ ಬೆರಳು ಅಲ್ಲಾಡಿಸಿದರು. ಅಣ್ಣು ಅವರ ಮಾತನ್ನು ಎರಡನೆಯ ಸಲ ಓದಿಸಿದರು. ನಕ್ಕರು ಎಂದು ನನಗೆ ಅನಿಸಿತು. ಆಮೇಲೆ ಸ್ಲೇಟು ಬೇಕೆಂದು ಕೈ ಮಾಡಿದರು. ಕೈಯಲ್ಲಿ ಬಲವಿರಲಿಲ್ಲ. ಎರಡು ಶಬ್ದ ಬರೆಯಲು ತುಂಬ ಹೊತ್ತು ಬೇಕಾಯಿತು. ‘ಅಣ್ಣುವಿನ ಬ್ಯಾಕಪ್?’ ಎಂದು ಬರೆದಿದ್ದರು.

ಬ್ಯಾಕಪ್ ಎಂದರೆ ಇನ್ನೊಂದು ಪ್ರತಿ ತೆಗೆದಿಡುವುದು ಎಂದು ನನಗೆ ಗೊತ್ತು, ಈ ಮನೆಯಲ್ಲಿ ಇಪ್ಪತ್ತೈದು ವರ್ಷ ಅದನ್ನೇ ಕೇಳಿದ್ದೇನೆ. ಅಣ್ಣು ಅವರದು ಆಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ನಿನ್ನನ್ನು ಕೇಳೋಣ ಎಂದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ‘ಉಂಟು, ಆಗಿದೆ. ರೂಪೇಶ ನಿನ್ನೆಯೇ ತೆಗೆದಿಟ್ಟಿದ್ದಾನೆ’ ಎಂದೆ. ತಲೆಯಾಡಿಸಿ ಬಳಪ ಕೆಳಗಿಟ್ಟರು. ಹಾಗೇ ನಿದ್ದೆ ಹೋದವರಿಗೆ ಮತ್ತೆ ಎಚ್ಚರ ಬರಲಿಲ್ಲ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹೋದರು. ನಾನು ಪಕ್ಕದಲ್ಲೇ ಇದ್ದೆ.

ನಿನ್ನ ಅಮ್ಮ ಅಂದಿನಿಂದ ನನ್ನ ಜೊತೆಗೇ ಇದ್ದಾರೆ. ಹೋಗಿ ಎಂದರೂ ಹೋಗುವುದಿಲ್ಲ.

ನೀನು ಬರುವ ಮೊದಲು ಅಲ್ಲಿಂದಲೇ ಅಣ್ಣು ಅವರ ಬ್ಯಾಕಪ್ ಕೆಲಸ ಮುಗಿಸು ರೂಪೇಶ. ಅವರ ಹತ್ತಿರ ನಾನು ಕೊನೆಗೆ ಆಡಿದ ಮಾತು ಅದು. ಸುಳ್ಳಾಗದ ಹಾಗೆ ನೋಡಿಕೊ.

ನಿನ್ನ ಅತ್ತಿಗೆ
ಸ್ನೇಹಲತಾ